ಯುದ್ಧಕಾಲದ ವಾಹನ ವಶಪಡಿಕೆ: ಜಟಕಾ ಗಾಡಿಯಿಂದ ಇದ್ದಿಲು ಬಸ್ಸಿನವರೆಗೆ

ಯುದ್ಧವೆಂದೊಡನೆ ಜನರ ಮನಸ್ಸಿನಲ್ಲಿ ಮೂಡುವುದು ರಣರಂಗದ ಚಿತ್ರ. ಕಾದಾಡಿದ ವೀರರು, ಬಿದ್ದ ಕೋಟೆಗಳು, ಗೆದ್ದ ದೊರೆಗಳು ಇತಿಹಾಸದ ಪುಟಗಳನ್ನು ತುಂಬಿದ್ದಾರೆ. ಆದರೆ ಒಬ್ಬ ಯೋಧನು ಕಾದಬೇಕಾದರೆ ಅವನ ಬೆನ್ನ ಹಿಂದೆ ಅಕ್ಕಿಯ ಮೂಟೆ, ಮದ್ದಿನ ಪೆಟ್ಟಿಗೆ, ಗುಡಾರ, ಔಷಧಿ, ಕುದುರೆಯ ಹುರುಳಿ ಇವೆಲ್ಲ ಸಾಗಿ ಬರಬೇಕು. ಇವನ್ನು ಹೊತ್ತು ತರುವ ಎತ್ತು, ಕುದುರೆ, ಗಾಡಿ, ಲಾರಿಗಳು ಅರಮನೆಯ ಲಾಯದಲ್ಲಿ ಸಾಕಷ್ಟು ಇರುವುದು ಅಪರೂಪ. ಶಾಂತಿಕಾಲದಲ್ಲಿ ಅವು ಇರುವುದು ಜನರ ಮನೆಯ ಕೊಟ್ಟಿಗೆಯಲ್ಲಿ, ವರ್ತಕರ ಮಳಿಗೆಯ ಮುಂದೆ, ಸಾಗಣೆಯನ್ನೇ ಕುಲವೃತ್ತಿಯಾಗಿ ಮಾಡಿಕೊಂಡ ಮನೆತನಗಳ ವಶದಲ್ಲಿ. ಯುದ್ಧ ಬಂದಾಗ ರಾಜ್ಯದ ಕೈ ಮೊದಲು ಚಾಚುವುದು ಅತ್ತ ಕಡೆಗೇ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಪಟ್ಟಣಗಳ ಸೀಮೆ 20ನೆಯ ಶತಮಾನದ ಎರಡು ಮಹಾಯುದ್ಧಗಳಲ್ಲಿ ಒಂದು ಗುಂಡಿನ ಸದ್ದನ್ನೂ ಕೇಳಿದ್ದಲ್ಲ. ಆದರೂ ಯುದ್ಧವು ಈ ಸೀಮೆಯ ದಾರಿಗಳ ಮೇಲೆ ನಡೆದುಬಂದಿತು. ಕುದುರೆ ಗಾಡಿಗಳ, ಬಸ್ಸು ಲಾರಿಗಳ ವಶಪಡಿಕೆ ಎಂದರೇನು, ಅದು ಹೇಗೆ ನಡೆಯುತ್ತಿತ್ತು, ಅದಕ್ಕೆ ಕೊಡುವ ಪರಿಹಾರ ಯಾವುದನ್ನು ತುಂಬಿಕೊಡುತ್ತದೆ, ಯಾವುದನ್ನು ತುಂಬಿಕೊಡಲಾರದು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಬಿಟ್ಟಿ ಮತ್ತು ವಶಪಡಿಕೆ

ರಾಜ್ಯವು ಪ್ರಜೆಯ ದುಡಿಮೆಯನ್ನೂ ಸಾಧನವನ್ನೂ ತನ್ನ ಕೆಲಸಕ್ಕೆ ಎಳೆದುಕೊಳ್ಳುವುದು ಬಹು ಪ್ರಾಚೀನವಾದ ಸಂಗತಿ. ಕನ್ನಡದಲ್ಲಿ ಕೂಲಿಯಿಲ್ಲದ ಕೆಲಸಕ್ಕೆ ‘ಬಿಟ್ಟಿ’ ಎನ್ನುತ್ತೇವೆ. ಇದು ಸಂಸ್ಕೃತದ ‘ವಿಷ್ಟಿ’ ಶಬ್ದದ ತದ್ಭವ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಷ್ಟಿಯು ಸೈನ್ಯದ ಒಂದು ಅಂಗದಂತೆಯೇ ಎಣಿಕೆಗೆ ಬಂದಿದೆ. ಬೀಡು, ದಾರಿ, ಸೇತುವೆ, ಬಾವಿಗಳನ್ನು ಅಣಿಗೊಳಿಸುವುದು, ಯಂತ್ರ, ಆಯುಧ, ಕವಚಗಳನ್ನು ಹೊರುವುದು, ಗಾಯಗೊಂಡವರನ್ನು ರಣಭೂಮಿಯಿಂದ ಸಾಗಿಸುವುದು ವಿಷ್ಟಿಯ ಕೆಲಸಗಳೆಂದು ಅಲ್ಲಿ ಹೇಳಿದೆ. ಅಂದರೆ ಕಾದುವವನಷ್ಟೇ ಹೊರುವವನೂ ಯುದ್ಧಕ್ಕೆ ಅಗತ್ಯನೆಂಬ ಅರಿವು ಅಂದಿನ ನೀತಿಜ್ಞರಿಗೆ ಇತ್ತು.

ಬಿಟ್ಟಿಗೂ ಇಂದಿನ ಶಾಸನದ ವಶಪಡಿಕೆಗೂ ಇರುವ ಅಂತರ ದೊಡ್ಡದು. ಬಿಟ್ಟಿಯಲ್ಲಿ ಲಿಖಿತವಾದ ಆಜ್ಞೆಯಿಲ್ಲ, ರಸೀತಿಯಿಲ್ಲ, ಅವಧಿಯಿಲ್ಲ, ಬೆಲೆಯಿಲ್ಲ. ವಶಪಡಿಕೆಯಲ್ಲಿ ಇವು ನಾಲ್ಕೂ ಇರಬೇಕು. ಅಧಿಕಾರಿಯು ಬರಹದಲ್ಲಿ ಆಜ್ಞೆ ಕೊಡಬೇಕು. ತೆಗೆದುಕೊಂಡ ವಸ್ತುವಿನ ವಿವರ ಬರೆದು ರಸೀತಿ ನೀಡಬೇಕು. ಅಗತ್ಯ ತೀರಿದ ಮೇಲೆ ಹಿಂದಿರುಗಿಸಬೇಕು. ಬಳಸಿದ ಕಾಲಕ್ಕೆ ಪರಿಹಾರ ಕೊಡಬೇಕು. ಇಲ್ಲಿ ಒಡೆತನ ಒಡೆಯನಲ್ಲಿಯೇ ಉಳಿಯುತ್ತದೆ, ಅನುಭೋಗ ಮಾತ್ರ ರಾಜ್ಯಕ್ಕೆ ಹೋಗುತ್ತದೆ. ಒಡೆತನವನ್ನೇ ತೆಗೆದುಕೊಂಡರೆ ಅದು ವಶಪಡಿಕೆಯಲ್ಲ, ಸ್ವಾಧೀನ; ಅಲ್ಲಿ ಪೂರ್ಣ ಬೆಲೆ ಸಲ್ಲಬೇಕು. ಆದರೆ ಯುದ್ಧಕ್ಕೆ ಹೋದ ಕುದುರೆ ಮರಳಿ ಬರುವುದು ಅಪರೂಪವಾದ್ದರಿಂದ ಪ್ರಾಣಿಗಳ ವಿಷಯದಲ್ಲಿ ಈ ಭೇದವು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯುತ್ತಿತ್ತು.

ಹಳೆಯ ಕ್ರಯಪತ್ರ, ವಿಭಾಗಪತ್ರಗಳಲ್ಲಿ ಆಸ್ತಿಯನ್ನು ‘ಸ್ಥಾವರ ಜಂಗಮ’ಗಳೆಂದು ಎರಡಾಗಿ ಬರೆಯುವ ರೂಢಿ ಇದೆ. ನಿಂತಲ್ಲಿ ನಿಲ್ಲುವುದು ಸ್ಥಾವರ; ಹೊಲ, ಮನೆ, ಬಾವಿ. ಚಲಿಸುವುದು ಜಂಗಮ, ದನ, ಕುದುರೆ, ಗಾಡಿ, ಒಡವೆ. ಕೃಷಿಕನ ಜೀವಾಳ ಸ್ಥಾವರದಲ್ಲಿದ್ದರೆ ಸಾಗಣೆಯವನ ಜೀವಾಳ ಜಂಗಮದಲ್ಲಿದೆ. ಸೇನೆಯು ಹಾದುಹೋದ ಮೇಲೂ ಹೊಲ ಇದ್ದಲ್ಲಿಯೇ ಇರುತ್ತದೆ. ಗಾಡಿಯಾದರೋ ಸೇನೆಯೊಡನೆಯೇ ಹೊರಟುಹೋಗುತ್ತದೆ. ಸಾಗಣೆಯ ಮನೆತನಕ್ಕೆ ಯುದ್ಧಕಾಲವು ವಿಶೇಷವಾದ ಆಪತ್ಕಾಲವಾಗುವುದು ಈ ಕಾರಣದಿಂದ.

ನಾಲ್ಕು ಪಟ್ಟಣಗಳ ದಾರಿ

2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಈ ನಾಲ್ಕೂ ತಾಲ್ಲೂಕುಗಳು ಕೋಲಾರ ಜಿಲ್ಲೆಗೆ ಸೇರಿದ್ದವು. ಇಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲ. ಕೆರೆ ಬಾವಿಗಳನ್ನು ನಂಬಿದ ಬೇಸಾಯ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಚಿಕ್ಕಬಳ್ಳಾಪುರವನ್ನು ಹಾದುಹೋಗುತ್ತದೆ. ಶಿಡ್ಲಘಟ್ಟ ರೇಷ್ಮೆಗೆ ಹೆಸರಾದ ಊರು. ಚಿಂತಾಮಣಿ ಸುತ್ತಲಿನ ಹಳ್ಳಿಗಳಿಗೆಲ್ಲ ವ್ಯಾಪಾರದ ಪೇಟೆ. ಗೌರಿಬಿದನೂರು ಹಿಂದೂಪುರದ ಕಡೆಯ ರೈಲುದಾರಿಯಲ್ಲಿ ಉತ್ತರ ಪಿನಾಕಿನಿಯ ದಡದಲ್ಲಿರುವ ಊರು. ಶಿವರಾತ್ರಿಯ ಸುಮಾರಿಗೆ ನಂದಿಯಲ್ಲಿ ನೆರೆಯುವ ದನಗಳ ಜಾತ್ರೆ ಸುತ್ತಣ ಸೀಮೆಗೆಲ್ಲ ಪ್ರಸಿದ್ಧವಾದದ್ದು.

ಇವುಗಳಲ್ಲಿ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಒಂದಕ್ಕೊಂದು ಕೂಡಿಸಿದ ಕಿರುದಾರಿಯ ರೈಲು ಬಂದದ್ದು ಮೊದಲನೆಯ ಮಹಾಯುದ್ಧದ ಆಸುಪಾಸಿನಲ್ಲಿ. ಬೌರಿಂಗ್‌ಪೇಟೆಯಿಂದ ಕೋಲಾರದವರೆಗಿನ ಮಾರ್ಗ 1913ರಲ್ಲಿ ತೆರೆಯಿತು. ಬೆಂಗಳೂರು ಕಡೆಯಿಂದ ಯಲಹಂಕ, ದೇವನಹಳ್ಳಿಗಳ ಮೂಲಕ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿಯೂ, ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಚಿಕ್ಕಬಳ್ಳಾಪುರಕ್ಕೆ 1916ರಲ್ಲಿಯೂ ರೈಲು ಓಡಿತು. ಆಗ ಮೈಸೂರಿನ ದಿವಾನರಾಗಿದ್ದವರು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯವರಾದ ಸರ್ ಎಂ. ವಿಶ್ವೇಶ್ವರಯ್ಯನವರು. ರೈಲು ಬಂದರೂ ನಿಲ್ದಾಣದಿಂದ ಹಳ್ಳಿಗೆ, ಹಳ್ಳಿಯಿಂದ ಸಂತೆಗೆ ಜಟಕಾ, ಎತ್ತಿನ ಗಾಡಿ, ಮುಂದೆ ಮೋಟಾರು ಬಸ್ಸು ಬೇಕೇ ಬೇಕಾಗಿತ್ತು. ಈ ಕಡೆಯ ದಾರಿಯನ್ನು ನಡೆಸುತ್ತಿದ್ದವರು ಸಾಮಾನ್ಯವಾಗಿ ಒಂದೊಂದು ಮನೆತನದವರು. ಅಜ್ಜನಿಗೆ ಎತ್ತಿನ ಗಾಡಿ, ಮಗನಿಗೆ ಜಟಕಾ, ಮೊಮ್ಮಗನಿಗೆ ಬಸ್ಸು ಎಂಬಂತೆ ವೃತ್ತಿಯು ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತಿತ್ತು.

ಲಂಬಾಣಿಯ ಎತ್ತು, ಸಿಲ್ಲೇದಾರನ ಕುದುರೆ

ಈ ಸೀಮೆಯಲ್ಲಿ ಯುದ್ಧ ಮತ್ತು ಸಾಗಣೆಗಳ ನಂಟನ್ನು ತೋರಿಸುವ ಹಳೆಯ ನಿದರ್ಶನ 1791ನೆಯ ವರ್ಷದ್ದು. ಆ ವರ್ಷ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರಿನ ಕೋಟೆಯನ್ನು ಹಿಡಿದು, ದೇವನಹಳ್ಳಿ ಚಿಕ್ಕಬಳ್ಳಾಪುರಗಳ ಮಾರ್ಗವಾಗಿ ನಿಜಾಮನ ಕುದುರೆ ಸೈನ್ಯವನ್ನು ಕೂಡಿಕೊಳ್ಳಲು ಉತ್ತರಕ್ಕೆ ನಡೆಯಿತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರಕ್ಕೆ ಹೋದಾಗ ಮೇವಿಲ್ಲದೆ ಎತ್ತುಗಳು ರಾಶಿರಾಶಿಯಾಗಿ ಸತ್ತವು. ಎಳೆಯುವ ಎತ್ತಿಲ್ಲದ ಫಿರಂಗಿ ಬರಿಯ ಕಬ್ಬಿಣ. ಆ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಸೇನೆ ಬೆಂಗಳೂರಿಗೆ ಹಿಂದಿರುಗಬೇಕಾಯಿತು.

ಅನಂತರ ಆ ಸೇನೆ ಚೇತರಿಸಿಕೊಂಡದ್ದು ಬಹುಮಟ್ಟಿಗೆ ಲಂಬಾಣಿಗಳ ನೆರವಿನಿಂದ. ಸಾವಿರಾರು ಹೇರೆತ್ತುಗಳ ಮೇಲೆ ದವಸ ತುಂಬಿ ಊರೂರಿಗೆ ಸಾಗಿಸುವುದು ಅವರ ವಂಶಪಾರಂಪರ್ಯದ ಕಸುಬು. ಕ್ಯಾಪ್ಟನ್ ರೀಡನು ಅವರನ್ನು ಒಪ್ಪಿಸಿ ದವಸ ತರಿಸಿದನು. ಅದೇ ವರ್ಷ ಅಕ್ಟೋಬರ್ 19ರಂದು ನಂದಿದುರ್ಗ ಬಿದ್ದಿತು. ಬಲಾತ್ಕಾರದಿಂದ ಹಿಡಿದು ತಂದ ಎತ್ತು ದಾರಿಯಲ್ಲಿ ಸಾಯುತ್ತದೆ, ಇಲ್ಲವೆ ಒಡೆಯನೊಡನೆ ರಾತ್ರೋರಾತ್ರಿ ಮಾಯವಾಗುತ್ತದೆ. ಬೆಲೆಗೆ ಬಂದ ಎತ್ತನ್ನು ಒಡೆಯನೇ ಜೋಪಾನಮಾಡುತ್ತಾನೆ. ಸಾಗಣೆಯ ಈ ಮೂಲಪಾಠವನ್ನು ಸೇನಾಧಿಪತಿಗಳು ಬಹು ನಷ್ಟಪಟ್ಟು ಕಲಿಯಬೇಕಾಯಿತು.

ಮೈಸೂರಿನ ಅರಸರು ಈ ಪಾಠವನ್ನು ಮೊದಲೇ ಬಲ್ಲವರಾಗಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಮುಂದೆ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಪಡೆಯಿತು. ಸರ್ಕಾರವೇ ಕಾವಲುಗಳನ್ನು ಮೀಸಲಿಟ್ಟು ತಳಿ ಬೆಳೆಸಿ ಫಿರಂಗಿಯ ಎತ್ತುಗಳನ್ನು ಸಿದ್ಧಪಡಿಸುವ ಇಲಾಖೆ ಅದು. ತನ್ನದೇ ಎತ್ತು ಇದ್ದ ಮಟ್ಟಿಗೆ ರಾಜ್ಯವು ರೈತನ ಕೊಟ್ಟಿಗೆಯ ಕಡೆ ನೋಡಬೇಕಾಗಿರಲಿಲ್ಲ.

ಕುದುರೆಯ ವಿಷಯದಲ್ಲಿ ಬೇರೊಂದು ಏರ್ಪಾಡು ನಡೆದುಬಂದಿತ್ತು. ಸ್ವಂತ ಕುದುರೆಯನ್ನೂ ಆಯುಧವನ್ನೂ ತಂದು ಸೇವೆಗೆ ಸೇರುವವನು ಸಿಲ್ಲೇದಾರ. ಬೇರೆಯವರ ಕುದುರೆಯನ್ನು ಹತ್ತುವವನು ಬಾರ್ಗೀರ. ಸಿಲ್ಲೇದಾರನಿಗೆ ಹೆಚ್ಚಿನ ಸಂಬಳ. ಅದರಲ್ಲಿಯೇ ಕುದುರೆಯ ಮೇವು, ಹುರುಳಿ, ಜೀನು, ಲಾಳ ಎಲ್ಲವೂ ನಡೆಯಬೇಕು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನವು 4,000 ಕುದುರೆ ಸವಾರರನ್ನು ಇರಿಸಿಕೊಂಡಿರಬೇಕೆಂದು ಗೊತ್ತಾಯಿತು. ಸಿಲ್ಲೇದಾರನ ಪಾಲಿಗೆ ಕುದುರೆಯೇ ಮನೆಯ ಬಂಡವಾಳ. ಅದು ಸತ್ತರೆ ಅವನು ಸಿಲ್ಲೇದಾರನಾಗಿ ಉಳಿಯುವುದೇ ಕಷ್ಟ. ಆದ್ದರಿಂದ ಕುದುರೆಯನ್ನು ಅಪಾಯಕ್ಕೊಡ್ಡಲು ಅವನು ಹಿಂಜರಿಯುವನೆಂಬ ಆಕ್ಷೇಪಣೆ ಹಿಂದಿನಿಂದ ಇತ್ತು. ಮನೆಯ ಅನ್ನವನ್ನೇ ಬೆನ್ನ ಮೇಲೆ ಹೊತ್ತ ಪ್ರಾಣಿಯನ್ನು ಗುಂಡಿನ ಎದುರಿಗೆ ನಡೆಸುವಾಗ ಕೈ ನಡುಗುವುದು ಸಹಜವೇ ಆಗಿದೆ. ಬ್ರಿಟಿಷ್ ಇಂಡಿಯಾದ ಸೇನೆಯಲ್ಲಿ ಈ ಪದ್ಧತಿ ಮೊದಲನೆಯ ಮಹಾಯುದ್ಧದ ಭಾರವನ್ನು ತಾಳಲಾರದೆ ಅನಂತರ ರದ್ದಾಯಿತು.

ಮೊದಲನೆಯ ಮಹಾಯುದ್ಧ

1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾದಾಗ ಇಂಗ್ಲೆಂಡಿನಲ್ಲಿ ನಡೆದ ಕುದುರೆಗಳ ವಶಪಡಿಕೆ ಈ ವಿಷಯದಲ್ಲಿ ಒಂದು ಮಾದರಿ. ಯಾವ ಊರಿನಲ್ಲಿ ಎಷ್ಟು ಕುದುರೆಗಳಿವೆ, ಅವುಗಳಲ್ಲಿ ಸವಾರಿಗೆ ಯೋಗ್ಯವಾದವು ಎಷ್ಟು, ಎಳೆಯಲು ಯೋಗ್ಯವಾದವು ಎಷ್ಟು ಎಂದು ಮೊದಲೇ ಗಣತಿಯಾಗಿತ್ತು. ಯುದ್ಧ ಸಾರಿದ ಎರಡು ವಾರಗಳೊಳಗೆ ಒಂದು ಲಕ್ಷಕ್ಕೂ ಮಿಕ್ಕ ಕುದುರೆಗಳು ಸೇನೆಯ ಪಾಲಾದವು. ರೈತನ ನೇಗಿಲಿನಿಂದ, ಹಾಲಿನವನ ಬಂಡಿಯಿಂದ, ಬಾಡಿಗೆ ಸಾರೋಟಿನಿಂದ ಬಿಚ್ಚಿ ತಂದ ಕುದುರೆಗಳು ಅವು. ಲಂಡನ್ನಿನ ಬೀದಿಗಳಲ್ಲಿ ಓಡುತ್ತಿದ್ದ ಸುಮಾರು 900 ಮೋಟಾರು ಬಸ್ಸುಗಳು ಯುದ್ಧಭೂಮಿಗೆ ಹೋದವು. ಸೆಪ್ಟೆಂಬರ್ ಮೊದಲ ವಾರದಲ್ಲಿ ಪ್ಯಾರಿಸ್ ನಗರಕ್ಕೆ ಅಪಾಯ ಒದಗಿದಾಗ ಸುಮಾರು 600 ಬಾಡಿಗೆ ಮೋಟಾರುಗಳು ಸಿಪಾಯಿಗಳನ್ನು ಮಾರ್ನ್ ನದಿಯ ಕಡೆಗೆ ಒಯ್ದವು. ಅಂಥ ಗಳಿಗೆಯಲ್ಲಿಯೂ ಮೀಟರು ಓಡುತ್ತಿತ್ತು. ಫ್ರೆಂಚ್ ಬೊಕ್ಕಸ ಆ ಲೆಕ್ಕಕ್ಕೆ 70,000 ಫ್ರಾಂಕುಗಳನ್ನು ಮಿಕ್ಕಿ ಹಣ ಪಾವತಿಮಾಡಿತು. ದೇಶದ ತಲೆಯ ಮೇಲೆ ಶತ್ರುವಿದ್ದರೂ ಚಾಲಕನ ಬಾಡಿಗೆಯನ್ನು ಮರೆಯದ ಈ ಪ್ರಸಂಗ ಗಮನಾರ್ಹವಾದದ್ದು.

ಮೈಸೂರು ಸಂಸ್ಥಾನದ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ವೆಚ್ಚಕ್ಕೆ 50 ಲಕ್ಷ ರೂಪಾಯಿಗಳನ್ನು ನೀಡಿದರು. ಮೈಸೂರು ಲ್ಯಾನ್ಸರ್ ಅಶ್ವದಳವು 1914ರಲ್ಲಿಯೇ ಈಜಿಪ್ಟಿಗೆ ಹೊರಟು ಸೂಯೆಜ್ ಕಾಲುವೆಯ ರಕ್ಷಣೆಯಲ್ಲಿ ಭಾಗವಹಿಸಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ಪಟ್ಟಣವನ್ನು ಗೆದ್ದ ಅದರ ಕೀರ್ತಿ ದೆಹಲಿಯ ತೀನ್‌ಮೂರ್ತಿ ಸ್ಮಾರಕದಲ್ಲಿ ಶಿಲ್ಪವಾಗಿ ನಿಂತಿದೆ.

ಕೀರ್ತಿಯ ಜೊತೆಗೆ ಒಂದು ಕರುಣಕಥೆಯೂ ಇದೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನೆಯು ಈಜಿಪ್ಟಿನಲ್ಲಿದ್ದ ತನ್ನ ಸಾವಿರಾರು ಕುದುರೆಗಳನ್ನು ಮರಳಿ ಒಯ್ಯಲಿಲ್ಲ, ಅಲ್ಲಿಯೇ ಮಾರಿಬಿಟ್ಟಿತು. 1930ರಲ್ಲಿ ಕೈರೋ ನಗರಕ್ಕೆ ಬಂದ ಡೊರೊತಿ ಬ್ರೂಕ್ ಎಂಬ ಮಹಿಳೆ, ಎಲುಬು ಕಾಣುವಂತೆ ಬಡಕಲಾದ ಮುದಿ ಕುದುರೆಗಳು ಕಲ್ಲಿನ ಬಂಡಿಗಳನ್ನು ಎಳೆಯುತ್ತಿದ್ದುದನ್ನು ಕಂಡರು. ಅವುಗಳ ಮೈಮೇಲೆ ಸೇನೆಯ ಮುದ್ರೆ ಇನ್ನೂ ಉಳಿದಿತ್ತು. ಪತ್ರಿಕೆಗೆ ಬರೆದು, ಚಂದಾ ಎತ್ತಿ, ಮೂರು ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಅವರು ಕೊಂಡುಕೊಂಡರು. 1934ರಲ್ಲಿ ಅಲ್ಲಿ ಒಂದು ಪಶುವೈದ್ಯಶಾಲೆಯನ್ನು ತೆರೆದರು. ಆ ಕುದುರೆಗಳನ್ನು ಎಂದೋ ಕಳುಹಿಸಿಕೊಟ್ಟಿದ್ದ ಮನೆಗಳಿಗೆ ರಸೀತಿಯ ಹಣ ಸಂದಿದ್ದಿರಬಹುದು. ಆದರೆ ಕುದುರೆಗೆ ಸಲ್ಲಬೇಕಾದ ಋಣವು ರಸೀತಿಯಲ್ಲಿ ಇರಲಿಲ್ಲ.

ಎರಡನೆಯ ಮಹಾಯುದ್ಧ: ಪೆಟ್ರೋಲು, ಟೈರು, ಇದ್ದಿಲು

ಎರಡನೆಯ ಮಹಾಯುದ್ಧದ ವೇಳೆಗೆ ಸೇನೆಯ ಹಸಿವು ಕುದುರೆಯಿಂದ ಯಂತ್ರಕ್ಕೆ ತಿರುಗಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1939ರ ಭಾರತ ರಕ್ಷಣಾ ಕಾಯಿದೆಯೂ ಅದರ ನಿಯಮಗಳೂ ಜಾರಿಗೆ ಬಂದವು. ಆ ನಿಯಮಗಳಲ್ಲಿ 75-ಎ ಎಂಬುದು ಸ್ಥಾವರ ಜಂಗಮ ಎರಡೂ ಬಗೆಯ ಸ್ವತ್ತುಗಳನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಸಾರ್ವಜನಿಕರ ಪೂಜೆ ಪ್ರಾರ್ಥನೆಗಳಿಗೆ ಮೀಸಲಾದ ಸ್ಥಳಗಳನ್ನು ಮಾತ್ರ ಮುಟ್ಟಬಾರದೆಂದು ಅದೇ ನಿಯಮದಲ್ಲಿ ತಡೆ ಹಾಕಿತ್ತು. ಮೈಸೂರು ದೇಶೀಯ ಸಂಸ್ಥಾನವಾದ್ದರಿಂದ ಬ್ರಿಟಿಷ್ ಇಂಡಿಯಾದ ಶಾಸನಗಳು ಇಲ್ಲಿ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ಆದರೆ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದು, ಯುದ್ಧದ ಬಿಗಿ ಅಲ್ಲಿಂದ ಸುತ್ತಲ ಜಿಲ್ಲೆಗಳಿಗೂ ಮುಟ್ಟುತ್ತಿತ್ತು.

ಮೋಟಾರು ವಾಹನವನ್ನು ವಶಪಡಿಸಿಕೊಳ್ಳಲು ಎರಡು ದಾರಿಗಳಿವೆ. ಬಂಡಿಯನ್ನೇ ಎಳೆದೊಯ್ಯುವುದು ಒಂದು. ಬಂಡಿಯನ್ನು ಒಡೆಯನಲ್ಲಿಯೇ ಬಿಟ್ಟು ಅದರ ಆಹಾರವನ್ನು ಹಿಡಿಯುವುದು ಇನ್ನೊಂದು. ಎರಡನೆಯದು ಹೆಚ್ಚು ಸದ್ದಿಲ್ಲದ್ದು, ಹೆಚ್ಚು ವ್ಯಾಪಕವಾದದ್ದು. 1941ರಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. 1942ರ ಆರಂಭದಲ್ಲಿ ಜಪಾನೀಯರು ಮಲಯವನ್ನೂ ಬರ್ಮಾವನ್ನೂ ಹಿಡಿದಾಗ ರಬ್ಬರಿಗೂ ಎಣ್ಣೆಗೂ ಕುತ್ತು ಬಂದು ಟೈರುಗಳು ಹತೋಟಿಗೆ ಒಳಪಟ್ಟವು. ಅನೇಕ ಕಡೆ ರೈಲಿನ ಶಾಖಾಮಾರ್ಗಗಳ ಹಳಿಗಳನ್ನೇ ಕಿತ್ತು ಯುದ್ಧದ ಕೆಲಸಕ್ಕೆ ಒಯ್ದರು. ಎಂಜಿನುಗಳೂ ಡಬ್ಬಿಗಳೂ ಹಡಗೇರಿ ಹೋದವು. ಬಸ್ಸಿನ ಒಡೆಯನ ಮನೆಯ ಮುಂದೆ ಬಸ್ಸು ನಿಂತಿತ್ತು. ಆದರೆ ಅದು ಜಂಗಮವಾಗಿ ಉಳಿದಿರಲಿಲ್ಲ, ಸ್ಥಾವರವಾಗಿತ್ತು.

ಈ ಇಕ್ಕಟ್ಟಿನಿಂದ ಹುಟ್ಟಿದ್ದು ಇದ್ದಿಲು ಬಸ್ಸು. ಬಸ್ಸಿನ ಹಿಂಭಾಗದಲ್ಲಿಯೋ ಪಕ್ಕದಲ್ಲಿಯೋ ಒಂದು ಎತ್ತರದ ಕಬ್ಬಿಣದ ಪೀಪಾಯಿ. ಅದರೊಳಗೆ ಇದ್ದಿಲು ತುಂಬಿ, ಗಾಳಿಯನ್ನು ಅರೆಬರೆಯಾಗಿ ಬಿಟ್ಟು ಉರಿಸಿದರೆ, ಪೂರ್ಣ ದಹನವಾಗದೆ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಉಂಟಾಗುತ್ತದೆ. ಅದನ್ನು ತಣಿಸಿ, ಬೂದಿ ಮಸಿ ಬಾರದಂತೆ ಸೋಸಿ, ಗಾಳಿಯೊಡನೆ ಬೆರೆಸಿ ಎಂಜಿನಿಗೆ ಕೊಟ್ಟರೆ ಪೆಟ್ರೋಲಿನ ಬದಲಿಗೆ ಅದೇ ಉರಿದು ಬಂಡಿಯನ್ನು ನಡೆಸುತ್ತದೆ. ಹೊರಡುವುದಕ್ಕೆ ಬಹಳ ಮುಂಚೆಯೇ ಬೆಂಕಿ ಹೊತ್ತಿಸಿ, ಕೈಯಿಂದ ತಿರುಗಿಸುವ ಊದುಯಂತ್ರದಿಂದ ಗಾಳಿ ಊದಬೇಕು. ಎಂಜಿನಿನ ಬಲ ಬಹಳವಾಗಿ ಕುಗ್ಗುತ್ತದೆ. ಏರುದಾರಿ ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು, ಕೆಲವು ವೇಳೆ ತಳ್ಳಲೂ ಬೇಕು. ಸೋಸುಕ ಕಟ್ಟಿಕೊಂಡರೆ ನಡುದಾರಿಯಲ್ಲಿ ನಿಂತು ಬಿಚ್ಚಿ ತೊಳೆಯಬೇಕು. ಆ ಅನಿಲ ವಿಷವಾದ್ದರಿಂದ ಮುಚ್ಚಿದ ಷೆಡ್ಡಿನಲ್ಲಿ ಅದನ್ನು ಹೊತ್ತಿಸುವುದು ಪ್ರಾಣಾಪಾಯಕರ. ಮೈಸೂರು ಸಂಸ್ಥಾನದ ರಸ್ತೆಗಳಲ್ಲಿಯೂ ಈ ಬಸ್ಸುಗಳೇ ಯುದ್ಧಕಾಲದ ಪ್ರಯಾಣಿಕರನ್ನು ಸಾಗಿಸಿದವು. ಪೆಟ್ರೋಲು ದುರ್ಲಭವಾದಷ್ಟೂ ಮೂಲೆಗೆ ಬಿದ್ದಿದ್ದ ಜಟಕಾ ಗಾಡಿಗೆ ಮತ್ತೆ ಬೆಲೆ ಬಂದಿತು.

ಒಂದು ಕೈಯಿಂದ ಕಸಿದುಕೊಂಡ ಯುದ್ಧವು ಇನ್ನೊಂದು ಕೈಯಿಂದ ಕೊಟ್ಟದ್ದೂ ಉಂಟು. ಜಪಾನಿನ ರೇಷ್ಮೆ ಬರುವುದು ನಿಂತು, ಪ್ಯಾರಾಚೂಟುಗಳಿಗೆ ರೇಷ್ಮೆ ಬೇಕಾದಾಗ ಮೈಸೂರು ಸೀಮೆಯ ರೇಷ್ಮೆಗೆ ಹಿಂದೆಂದೂ ಇಲ್ಲದ ಬೇಡಿಕೆ ಉಂಟಾಯಿತು. ಹಿಪ್ಪುನೇರಳೆಯ ತೋಟ ಬೆಳೆದವನಿಗೂ ನೂಲು ಬಿಚ್ಚುವವನಿಗೂ ಅದು ಗಳಿಕೆಯ ಕಾಲ. ರೇಷ್ಮೆಯನ್ನೇ ನಂಬಿದ ಸೀಮೆಯಲ್ಲಿ ಗೂಡಿಗೆ ಬೆಲೆ ಏರುತ್ತಿರಲು, ಅದನ್ನು ಸಾಗಿಸುವ ಬಂಡಿಗೆ ಎಣ್ಣೆ ಇಲ್ಲವೆಂಬ ವೈಪರೀತ್ಯವು ಯುದ್ಧಕಾಲದ ಆರ್ಥಿಕಸ್ಥಿತಿಯ ಸ್ವರೂಪವನ್ನು ತೋರಿಸುತ್ತದೆ.

ಪರಿಹಾರ ಯಾವುದಕ್ಕೆ?

ಇಲ್ಲಿ ಮೂಲಪ್ರಶ್ನೆ ಎದುರಾಗುತ್ತದೆ. ಚಿಂತಾಮಣಿಯಂತಹ ಪೇಟೆಯಲ್ಲಿ ಎರಡು ಬಸ್ಸುಗಳನ್ನು ಇಟ್ಟುಕೊಂಡಿರುವ ಒಂದು ಮನೆತನವನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಒಂದು ಬಸ್ಸಿನ ಸಾಲ ತೀರಿದೆ, ಇನ್ನೊಂದರದು ತೀರಿಲ್ಲ. ಹಿರಿಯಣ್ಣ ಲೆಕ್ಕ ನೋಡುತ್ತಾನೆ, ತಮ್ಮ ಬಂಡಿ ನಡೆಸುತ್ತಾನೆ. ಸಂತೆಯ ದಿನ ಯಾವ ಹಳ್ಳಿಯ ಕಟ್ಟೆಯ ಬಳಿ ಎಷ್ಟು ಜನ ಕಾದಿರುತ್ತಾರೆ, ಯಾವ ವರ್ತಕನ ಮೂಟೆ ಯಾವ ವಾರ ಬರುತ್ತದೆ ಎಂಬುದು ಅವರಿಗೆ ಕರತಲಾಮಲಕ. ಒಂದು ದಿನ ಸರ್ಕಾರದ ಆಜ್ಞೆ ಬಂದು ಒಂದು ಬಸ್ಸು ಹೋಗುತ್ತದೆ. ಅಧಿಕಾರಿಯು ಬಂಡಿಯ ತಯಾರಿಕೆಯ ವರ್ಷ, ಟೈರಿನ ಸವೆತ, ಎಂಜಿನಿನ ಸ್ಥಿತಿ ನೋಡಿ ಬೆಲೆ ಕಟ್ಟುತ್ತಾನೆ. ಆ ಬೆಲೆ ನ್ಯಾಯವಾಗಿಯೇ ಇದೆಯೆಂದು ಇಟ್ಟುಕೊಳ್ಳೋಣ. ಆದರೂ ಲೆಕ್ಕಕ್ಕೆ ಸಿಗದೆ ಉಳಿದದ್ದು ಬಹಳ: ಬಡ್ಡಿ ನಿಲ್ಲದ ಸಾಲ, ಕೂಲಿ ತಪ್ಪಿದ ಕ್ಲೀನರು, ಬೇರೆ ದಾರಿ ಹಿಡಿದ ಗಿರಾಕಿ, ಇಷ್ಟು ವರ್ಷ ಸಮಯ ತಪ್ಪದೆ ಓಡಿ ಸಂಪಾದಿಸಿದ ನಂಬಿಕೆ. ಶಾಸನವು ಬಂಡಿಗೆ ಬೆಲೆ ಕಟ್ಟುತ್ತದೆ. ಬದುಕು ನಿಂತಿರುವುದು ಬಂಡಿಯ ಓಟದ ಮೇಲೆ.

ಈ ಅಂತರವನ್ನು ಆಳುವವರು ಮರೆತಾಗ ಏನಾಗುತ್ತದೆಂಬುದಕ್ಕೆ ಬಂಗಾಳದ ದೋಣಿಗಳ ಪ್ರಸಂಗ ಭಯಂಕರವಾದ ಸಾಕ್ಷಿ. 1942ರಲ್ಲಿ ಜಪಾನೀಯರು ಬಂದರೆ ಅವರಿಗೆ ದೋಣಿಗಳು ಸಿಗಬಾರದೆಂದು, ತೀರಪ್ರದೇಶದಲ್ಲಿ ದಾಖಲೆಯಾಗಿದ್ದ 66,000ಕ್ಕೂ ಹೆಚ್ಚು ದೋಣಿಗಳಲ್ಲಿ ಸುಮಾರು 46,000 ದೋಣಿಗಳನ್ನು ಜನರ ಕೈಗೆ ಸಿಗದಂತೆ ಮಾಡಲಾಯಿತು. ಆ ನಾಡಿನಲ್ಲಿ ದೋಣಿಯೇ ಗಾಡಿ. ಮೀನುಗಾರನ ಕಸುಬು ಕೆಟ್ಟಿತು, ಭತ್ತದ ಸಾಗಣೆ ತಗ್ಗಿತು. ಮರುವರ್ಷದ ಘೋರ ಕ್ಷಾಮಕ್ಕೆ ಅದೊಂದೇ ಕಾರಣವಲ್ಲದಿದ್ದರೂ, ಜನರ ಕಷ್ಟವನ್ನು ಅದು ಉಲ್ಬಣಗೊಳಿಸಿತೆಂಬುದರಲ್ಲಿ ಸಂದೇಹವಿಲ್ಲ. ಸಾಗಣೆಯವನಿಂದ ಕಿತ್ತುಕೊಂಡದ್ದರ ನಷ್ಟ ಸಾಗಣೆಯವನಲ್ಲಿಯೇ ನಿಲ್ಲುವುದಿಲ್ಲ. ಅವನು ಹೊತ್ತು ತರುವ ಅನ್ನವನ್ನು ಕಾದಿರುವ ಎಲ್ಲರ ಮನೆಗೂ ಅದು ಮುಟ್ಟುತ್ತದೆ.

ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಲಾರಿಗಳನ್ನು ಸರ್ಕಾರ ಮಾರಾಟಕ್ಕೆ ಇಟ್ಟಿತು. ದೇಶದ ಅನೇಕ ಸಾಗಣೆಯ ಮನೆತನಗಳು ಅವನ್ನೇ ಕೊಂಡು, ಮರದ ಮೈಕಟ್ಟು ಕೂರಿಸಿ, ಬಸ್ಸುಗಳನ್ನಾಗಿ ಮಾಡಿಕೊಂಡು ಮತ್ತೆ ವೃತ್ತಿಗೆ ನಿಂತವು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರವೇ 120 ಬಸ್ಸುಗಳೊಡನೆ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. ಮುಂದೆ ಶಾಂತಿಕಾಲದಲ್ಲಿಯೇ, 1976ರಲ್ಲಿ, ಕರ್ನಾಟಕ ಸರ್ಕಾರ ಗುತ್ತಿಗೆ ಸಾರಿಗೆ ವಾಹನಗಳನ್ನು ಸ್ವಾಧೀನಪಡಿಸಿಕೊಳ್ಳುವ ಕಾಯಿದೆಯನ್ನು ತಂದಿತು. ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ಅಸಿಂಧುವೆಂದಿತು. 1977ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಖಾಸಗಿ ಸ್ವತ್ತೂ ಸಮುದಾಯದ ಸಂಪನ್ಮೂಲವೇ ಎಂಬ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಬರೆದರು. 2024ರ ನವೆಂಬರಿನಲ್ಲಿ ಅದೇ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠದ ಬಹುಮತವು, ಎಲ್ಲ ಖಾಸಗಿ ಸ್ವತ್ತನ್ನೂ ಹಾಗೆ ಪರಿಗಣಿಸಲಾಗದೆಂದು ತೀರ್ಮಾನಿಸಿತು. ಒಬ್ಬನ ಬಂಡಿ ಎಷ್ಟರ ಮಟ್ಟಿಗೆ ಅವನದು, ಎಷ್ಟರ ಮಟ್ಟಿಗೆ ಎಲ್ಲರದು ಎಂಬ ಚರ್ಚೆ ಹೀಗೆ ಕರ್ನಾಟಕದ ರಸ್ತೆಗಳಿಂದ ಹೊರಟು ದೇಶದ ಅತ್ಯುನ್ನತ ಪೀಠವನ್ನು ಮುಟ್ಟಿದೆ.

ಇಂದಿನ ಶಾಸನದಲ್ಲಿ

ವಶಪಡಿಕೆಯ ಅಧಿಕಾರ ಯುದ್ಧದೊಡನೆ ಮುಗಿದುಹೋದದ್ದಲ್ಲ. 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಯ 160ನೆಯ ಪ್ರಕರಣದಂತೆ ಚುನಾವಣೆಯ ಕೆಲಸಕ್ಕಾಗಿ ವಾಹನ, ಹಡಗು ಅಥವಾ ಪ್ರಾಣಿಯನ್ನು ಲಿಖಿತ ಆಜ್ಞೆಯ ಮೂಲಕ ವಶಪಡಿಸಿಕೊಳ್ಳಬಹುದು. ಬಸ್ಸು ಜೀಪುಗಳ ಈ ಕಾಲದಲ್ಲಿಯೂ ‘ಪ್ರಾಣಿ’ ಎಂಬ ಶಬ್ದ ಅಲ್ಲಿ ಉಳಿದಿರುವುದು ಹಳೆಯ ಕುದುರೆ ಎತ್ತುಗಳ ನೆನಪಿನಂತಿದೆ. ಪರಿಹಾರವನ್ನು ಆ ಸ್ಥಳದಲ್ಲಿ ನಡೆಯುವ ಬಾಡಿಗೆಯ ದರದ ಮೇಲೆ ಗೊತ್ತುಪಡಿಸಬೇಕು. ಒಪ್ಪಿಗೆಯಾಗದಿದ್ದರೆ ಒಡೆಯನು ಮಧ್ಯಸ್ಥಗಾರನ ತೀರ್ಮಾನಕ್ಕೆ ಕೋರಬಹುದು. ವಾಹನವು ಕಂತಿನ ಕರಾರಿನ ಮೇಲೆ ಇನ್ನೊಬ್ಬನ ಕೈಯಲ್ಲಿದ್ದರೆ ಪರಿಹಾರವನ್ನು ಅವನಿಗೂ ಒಡೆಯನಿಗೂ ಹಂಚಬೇಕು. ಆಜ್ಞೆಯನ್ನು ಉಲ್ಲಂಘಿಸಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ. 2005ರ ವಿಪತ್ತು ನಿರ್ವಹಣಾ ಕಾಯಿದೆಯಲ್ಲಿಯೂ ಇಂತಹ ಅಧಿಕಾರವೂ ಪರಿಹಾರದ ವಿಧಾನವೂ ಇವೆ. ಶಾಸನದ ಅಧಿಕಾರವಿಲ್ಲದೆ ಯಾರ ಸ್ವತ್ತನ್ನೂ ಕಸಿಯಲಾಗದೆಂದು ಸಂವಿಧಾನದ 300-ಎ ಅನುಚ್ಛೇದ ವಿಧಿಸಿದೆ.

ಇವನ್ನು ಹಳೆಯ ಬಿಟ್ಟಿಯೊಡನೆ ಹೋಲಿಸಿದರೆ ಮಾನವಸಮಾಜ ನಡೆದುಬಂದ ದೂರ ತಿಳಿಯುತ್ತದೆ. ಕಂತಿನವನಿಗೂ ಪಾಲು ಎಂಬ ಒಂದೇ ನಿಯಮವನ್ನು ನೋಡಿದರೂ ಸಾಕು. ಬಂಡಿಯ ಹಿಂದೆ ಸಾಲವಿದೆ, ಸಾಲದ ಹಿಂದೆ ಸಂಸಾರವಿದೆ ಎಂಬುದನ್ನು ಶಾಸನವು ತಡವಾಗಿಯಾದರೂ ಕಂಡುಕೊಂಡಿತು. ಆದರೂ ಒಂದು ಭೇದ ಉಳಿದಿದೆ. ಸ್ಥಾವರ ಸ್ವತ್ತುಗಳ ವಶಪಡಿಕೆಗೆ ಸಂಬಂಧಿಸಿದ 1952ರ ಕಾಯಿದೆಯು ಒಡೆಯನು ತಾನೇ ವಾಸಿಸುವ ಮನೆ, ಪೂಜಾಸ್ಥಳ, ಶಾಲೆ, ಆಸ್ಪತ್ರೆ, ಸಾರ್ವಜನಿಕ ಪುಸ್ತಕಾಲಯ, ಅನಾಥಾಲಯಗಳನ್ನು ಮುಟ್ಟಬಾರದೆಂದು ರಕ್ಷೆ ನೀಡಿತು. ವಿದ್ಯೆಗೂ ಭಕ್ತಿಗೂ ಮನೆಗೂ ದೊರೆತ ಆ ರಕ್ಷೆ ಸಂಸಾರವನ್ನು ಸಲಹುವ ಒಂಟಿ ಗಾಡಿಗೆ ದೊರೆತಿಲ್ಲ.

ದೇಶಕ್ಕೆ ಆಪತ್ತು ಬಂದಾಗ ತನ್ನಲ್ಲಿರುವುದನ್ನು ಒಪ್ಪಿಸುವುದು ಪ್ರಜೆಯ ಧರ್ಮ. 1965ರ ಯುದ್ಧದಲ್ಲಿ ಪಂಜಾಬಿನ ಲಾರಿ ಚಾಲಕರು ಸೇನೆಗೆ ಸಾಮಗ್ರಿಗಳನ್ನು ಒಯ್ದು ಆ ಧರ್ಮವನ್ನು ಮೆರೆದರು. ಒಪ್ಪಿಸಿದವನ ಒಲೆ ಆರದಂತೆ ನೋಡಿಕೊಳ್ಳುವುದು ರಾಜ್ಯದ ಧರ್ಮ. ನಂದಿಯ ತಪ್ಪಲಿನಲ್ಲಿ ದವಸ ಹೊತ್ತು ನಡೆದ ಹೇರೆತ್ತಿಗೂ, ಏರಿನಲ್ಲಿ ಏದುಸಿರುಬಿಟ್ಟ ಇದ್ದಿಲು ಬಸ್ಸಿಗೂ ಯುದ್ಧಸ್ಮಾರಕಗಳಲ್ಲಿ ಸ್ಥಳವಿಲ್ಲ. ಶಿಡ್ಲಘಟ್ಟದ, ಚಿಂತಾಮಣಿಯ, ಗೌರಿಬಿದನೂರಿನ, ಚಿಕ್ಕಬಳ್ಳಾಪುರದ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಗಾಡಿಯ ಲೈಸೆನ್ಸು, ಪೆಟ್ರೋಲಿನ ಪಡಿತರ ಚೀಟಿ, ವಶಪಡಿಕೆಯ ರಸೀತಿ ಇವುಗಳಲ್ಲಿ ಯಾವುದಾದರೂ ಉಳಿದಿದ್ದರೆ ಅದನ್ನು ರದ್ದಿಯೆಂದು ಎಸೆಯದೆ ಕಾಪಾಡಬೇಕು. ಆ ಸಾಗಣೆಯ ಮನೆತನಗಳ ಯುದ್ಧಕಾಲದ ಚರಿತ್ರೆಗೆ ಅಂತಹ ಕಾಗದಗಳೇ ಶಾಸನಗಳು.